ಕೆಂಪು ಕಾರಿನ ಐದನೇ ಅಂಕೆ

ಇದರಲ್ಲಿ ಒಂದೇ ಒಂದು ಅಕ್ಷರ ಸುಳ್ಳಿದ್ರೆ ನಾಳೆಯಿಂದ ನನ್ನ ಫಿಲ್ಟರಲ್ಲಿ ಡಿಕಾಕ್ಷನ್ ಇಳೀಬಾರದು. ದಿಲ್ಲಿಯಲ್ಲಿ ಕೂತು ಇದಕ್ಕಿಂತ ದೊಡ್ಡ ಆಣೆ ಇಡೋಕೆ ಯಾರಿಗೂ ಆಗಲ್ಲ. ನಂಬೋರು ನಂಬಿ. ನಂಬದೆ ಇರೋರು ದಿಲ್ಲಿ ಪಕ್ಕದ ಮಾನೇಸರ್‌ಗೆ ಹೋಗಿ ನೋಡ್ಕೊಂಡು ಬನ್ನಿ, ಕಾರು ನಿಲ್ಸಿರೋ ಶೆಡ್ಡು ಅಲ್ಲೇ ಇದೆ.

ಆ ಭಾನುವಾರ ಬೆಳಗ್ಗೆ ಹತ್ತೂವರೆಗೆ ದಕ್ಷಿಣಾಮೂರ್ತಿಯವರು ಕೆಂಪು ಕಾರಿನ ಬಾನೆಟ್ ಒಳಗೆ ಸೊಂಟದವರೆಗೆ ಇದ್ರು. ಹೊರಗಿಂದ ನೋಡಿದೋರಿಗೆ ಆ ಕಾರು ಅರವತ್ನಾಲ್ಕು ವರ್ಷದ ಪಿಂಚಣಿದಾರನನ್ನ ಅರ್ಧ ನುಂಗಿ, ಇನ್ನರ್ಧ ಆಮೇಲೆ ನೋಡೋಣ ಅಂತ ಸುಮ್ಮನಾದ ಹಾಗೆ ಕಾಣ್ತಿತ್ತು.

ಬಲಗೈಲಿ ಟಾರ್ಚು. ಎಡಗೈಲಿ ಹಳೇ ಬನಿಯನ್ ಚಿಂದಿ. ಇಂಜಿನ್ನಿನ ಬೆನ್ನಿನ ಕಡೆ, ಯಾರೂ ಬಗ್ಗಿ ನೋಡದೆ ಇರೋ ಮೂಲೆಯಲ್ಲಿ, ಮಸಿ ಒರೆಸಿದಾಗ ಬಿಳಿ ಬಣ್ಣ ಕಾಣಿಸ್ತು. ಬ್ರಷ್ಷಲ್ಲಿ ಬರೆದ ಅಂಕೆಗಳು. ಯಾವನೋ ಪೇದೆ ಅವಸರದಲ್ಲಿ ಬರೆದಿದ್ದ, ಎರಡರ ಬಾಲ ಸೋರಿ ಕೆಳಗಿಳಿದಿತ್ತು.

212/96.

ಟಾರ್ಚು ಕೈಜಾರಿ ರೇಡಿಯೇಟರ್ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಗಗನಾಳ ಚಪ್ಪಲಿ ಹತ್ರ ನಿಂತಿತು.

"ಏನಾದ್ರೂ ಸಿಕ್ತಾ ಸರ್?"

"ಏನಿಲ್ಲಮ್ಮ. ಜಿರಳೆ."

ಹಾಗಂದು ದಕ್ಷಿಣಾಮೂರ್ತಿ ಒಂದು ಕೆಲಸ ಮಾಡಿದ್ರು. ಪಕ್ಕದಲ್ಲಿದ್ದ ಡಬ್ಬಿಗೆ ಹೆಬ್ಬೆರಳು ಅದ್ದಿ, ಆ ಬಿಳಿ ಅಂಕೆಗಳ ಮೇಲೆ ಗ್ರೀಸ್ ಬಳಿದ್ರು. ನೀಟಾಗಿ, ಎಡದಿಂದ ಬಲಕ್ಕೆ, ಇಡ್ಲಿ ತಟ್ಟೆಗೆ ಎಣ್ಣೆ ಸವರೋ ಹಾಗೆ. ಅಳಿಸಿ ಹೋದ ಅಂಕೆಗಳನ್ನ ಮೇಲೆತ್ತಿ ತೋರಿಸೋದೇ ಮೂವತ್ತೈದು ವರ್ಷ ಸರ್ಕಾರಿ ಕೆಲಸವಾಗಿದ್ದ ಮನುಷ್ಯ, ಕಣ್ಣಿಗೆ ಹೊಡೆದ ಹಾಗೆ ಕಾಣ್ತಿದ್ದ ಅಂಕೆಯನ್ನ ತಾನೇ ಅಳಿಸಿದ.

ಹೋದ ವಾರ ತಪ್ಪಿಸಿಕೊಂಡೋರಿಗೆ ಇಷ್ಟು ಸಾಕು: ಗಗನಾ ಮತ್ತೆ ಅವಳಣ್ಣ ಪೃಥ್ವಿ, ತಮ್ಮಪ್ಪನ ಸಾವಿರದ ಒಂಬೈನೂರ ಅರವತ್ತೆಂಟರ ಇಟಲಿ ಕಾರಿನ ಇಂಜಿನ್ ಯಾರದು ಅಂತ ಪತ್ತೆ ಮಾಡಿಕೊಡಿ ಅಂತ ಕೇಳಿದ್ರು, ಯಾಕಂದ್ರೆ ಅದರ ಮೇಲೆ ನಂಬರ್ ಇರಬೇಕಾದ ಜಾಗ ಸ್ಟೀಲ್ ಲೋಟದ ತಳದ ಹಾಗೆ ನುಣ್ಣಗಿತ್ತು.

ದಕ್ಷಿಣಾಮೂರ್ತಿ ಬಾನೆಟ್ಟಿಂದ ಹೊರಗೆ ಬಂದ್ರು. ಗಗನಾ ಟಾರ್ಚು ಎತ್ತಿ ಕೊಟ್ಟಳು. ಇಪ್ಪತ್ತೊಂಬತ್ತು ವರ್ಷದ ಹುಡುಗಿ. ಇಲ್ಲೇ ಬಿಡಿಭಾಗದ ಫ್ಯಾಕ್ಟರಿಯೊಂದರಲ್ಲಿ ಲೋಹ ಪರೀಕ್ಷೆ ಮಾಡೋ ಇಂಜಿನಿಯರ್. ಯಾವುದನ್ನ ನೋಡಿದ್ರೂ, ಇದು ಎಲ್ಲಿ ಮುರಿಯುತ್ತೆ ಅಂತ ಲೆಕ್ಕ ಹಾಕೋ ಕಣ್ಣು. ಆ ಕಣ್ಣು ಈಗ ಅವರ ಮುಖದ ಮೇಲಿತ್ತು.

"ಕೂತ್ಕೊಳ್ಳಿ ಸರ್. ಬೆವರ್ತಿದೀರಿ. ಜನವರಿ ತಿಂಗಳು."

"ಅಂಕಲ್, ನಾನು ಸೀದಾ ಹೇಳ್ತೀನಿ," ಅಂದ ಪೃಥ್ವಿ. ಮೂವತ್ಮೂರು ವರ್ಷ, ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಕೆಲಸ, ಕನ್ನಡವನ್ನ ಹಿಂದಿಯಲ್ಲಿ ಮಾತಾಡೋನು. "ಈ ಇಂಜಿನ್ ನಿಕಾಲೋ, ಎಲೆಕ್ಟ್ರಿಕ್ ಮೋಟರ್ ಡಾಲೋ. ಬಾತ್ ಖತಂ. ಕಿಟ್ ಸಿಗುತ್ತೆ, ಪರ್ಮಿಷನ್ ಸಿಗುತ್ತೆ, ಸದ್ದೇ ಇಲ್ದೆ ಓಡುತ್ತೆ."

"ಸದ್ದೇ ಇಲ್ದೆ ಓಡೋಕೆ ಸ್ಪೋರ್ಟ್ಸ್ ಕಾರು ಯಾಕಣ್ಣ? ಮನೆ ಫ್ರಿಜ್ಜಿಗೆ ಚಕ್ರ ಹಾಕ್ಸು."

"ನೀನು ಚುಪ್ ಕರ್. ಈ ಇಂಜಿನ್ ನಮ್ಮನೆಗೆ ಒಂದೂ ಒಳ್ಳೇದು ಮಾಡಿಲ್ಲ. ನಂಗೆ ಐದು ವರ್ಷ ಆಗ, ನಂಗೆ ಯಾದ್ ಇದೆ. ನಿಂಗೆ ಗೊತ್ತಿಲ್ಲ."

"ಅದಕ್ಕೇ ಗೊತ್ತು ಮಾಡ್ಕೋಬೇಕು ಅಂತಿದೀನಿ."

ಇದೇ ಜಗಳ ಹೋದ ವಾರವೂ ಆಗಿತ್ತು. ದಿಲ್ಲಿ ಸುತ್ತಮುತ್ತ ಹಳೇ ಪೆಟ್ರೋಲ್ ಕಾರಿಗೆ ಹದಿನೈದು ವರ್ಷ ಆಯಸ್ಸು, ಆಮೇಲೆ ಗುಜರಿ. ಐವತ್ತು ದಾಟಿದ ಕಾರಿಗೆ ಮಾತ್ರ ಒಂದು ದಾರಿ ಇದೆ, ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸ್ಕೋಬಹುದು. ಆದ್ರೆ ಇಂಜಿನ್ ಆ ಕಾರಿಂದೇ ಆಗಿರಬೇಕು. ತಪಾಸಣೆಯೋರು ಬುಧವಾರ ಬರೋರಿದ್ರು. ಕಾಗದದಲ್ಲಿ ಈ ಕಾರಿನ ಇಂಜಿನ್ ನಂಬರ್ 40713. ಆ ನಂಬರ್ ಇಂಜಿನ್ ಮೇಲೆ ಸಿಕ್ಕಿದ್ರೆ ಕಾರು ಬದುಕಿತು. ಸಿಗದೆ ಇದ್ರೆ ಪೃಥ್ವಿಯ ಮೋಟರ್, ಇಲ್ಲಾಂದ್ರೆ ಗುಜರಿ.

"ನೀವು ಹೇಳಿ ಸರ್," ಅಂದಳು ಗಗನಾ.

ಇಲ್ಲಿ ಒಂದು ವಿಷಯ ಹೇಳ್ಬೇಕು. ಈ ಊರಿನ ಹಳೇ ಕಾರಿನ ಜನಕ್ಕೆಲ್ಲ ದಕ್ಷಿಣಾಮೂರ್ತಿ ಅಂದ್ರೆ ಭಯ. ನೋಯ್ಡಾದಲ್ಲಿ ಒಬ್ಬರು ತಮ್ಮ ಹಳೇ ಕಾರಿಗೆ ಪ್ಲಾಸ್ಟಿಕ್ ಪೆಟ್ರೋಲ್ ಫಿಲ್ಟರ್ ಹಾಕ್ಸಿದ್ದಕ್ಕೆ ಇವರು ಮುಕ್ಕಾಲು ಗಂಟೆ ಭಾಷಣ ಮಾಡಿ, ಆ ಮನುಷ್ಯ ಅತ್ತು, ಹೆಂಡತಿ ಬಂದು ಸಮಾಧಾನ ಮಾಡಿ, ಆಮೇಲೆ ಹೆಂಡತಿಯೂ ಅತ್ತಿದ್ದರು. ಒಂದು ಬೋಲ್ಟು ಬದಲಾಯಿಸಿದ್ರೂ ಅದು ಬೇರೆ ಕಾರು ಅನ್ನೋ ಪೈಕಿ.

ಆ ದಕ್ಷಿಣಾಮೂರ್ತಿ ಅಂದ್ರು: "ಎಲೆಕ್ಟ್ರಿಕ್ಕೇ ಒಳ್ಳೇದು ಅನ್ಸುತ್ತೆ."



"ಸರ್, ಹೋದ ವಾರ ನೀವೇ ಅಂದ್ರಿ. ಇಂಜಿನ್ ಬದಲಾಯಿಸಿದ ಕಾರು ಬೇಳೆ ಹಾಕದ ಹುಳಿ ಅಂತ."

"ಅಂದಿದ್ದೆ. ಹೋದ ವಾರ ಹೊಗೆ ಇಷ್ಟಿರಲಿಲ್ಲ. ಇವತ್ತಿನ ಎಕ್ಯೂಐ ನೋಡಿದ್ಯಾ? ಮಕ್ಕಳು ಮರಿ ಉಸಿರಾಡ್ಬೇಕಲ್ಲಮ್ಮ. ಆ ಇಂಜಿನ್ ತೆಗ್ದು ಕರಗಿಸೋಕೆ ಕೊಟ್ಬಿಡಿ. ಇವತ್ತೇ ಕೊಟ್ರೂ ಆಗುತ್ತೆ. ನನಗೆ ಪರಿಚಯದ ಗುಜರಿಯವನಿದಾನೆ."

"ದೇಖಾ?" ಅಂದ ಪೃಥ್ವಿ ತಂಗಿಗೆ. "ಅಂಕಲ್, ಯೂ ಆರ್ ಗ್ರೇಟ್."

ಗಗನಾ ಅಣ್ಣನ ಕಡೆ ತಿರುಗಲಿಲ್ಲ. ಅವರ ಕೈ ನೋಡ್ತಿದ್ದಳು.

"ಹೆಬ್ಬೆರಳಿಗೆ ಗ್ರೀಸ್ ಆಗಿದೆ ಸರ್."

"ಇಂಜಿನ್ ಅಂದ್ಮೇಲೆ ಗ್ರೀಸು ಇರುತ್ತಮ್ಮ."

"ಇಂಜಿನ್ ಹಿಂದೆ ಇರಲ್ಲ ಸರ್. ಅಲ್ಲಿ ಗ್ರೀಸ್ ಹಾಕೋ ಜಾಗವೇ ಇಲ್ಲ."

ಅಷ್ಟರಲ್ಲಿ ದಕ್ಷಿಣಾಮೂರ್ತಿಗೆ ದೇವರ ಹಾಗೆ ಫೋನ್ ಬಂತು. ದ್ವಾರಕಾದ ಮನೆಯಿಂದ, ಹೆಂಡತಿ ಶಾರದಮ್ಮ.

"ರೀ, ಕಬಾಡಿ ಭಯ್ಯಾ ಬಂದಿದಾನೆ. ಮಂಚದ ಕೆಳಗಿರೋ ಆ ಗದೆ ಗುಜರಿಗೆ ಕೊಟ್ಬಿಡ್ಲಾ? ಕಸ ಗುಡಿಸೋವಾಗೆಲ್ಲ ಪೊರಕೆಗೆ ಸಿಕ್ಕಾಕೊಳ್ಳುತ್ತೆ."

"ಮುಟ್ಬೇಡ."

"ಇಪ್ಪತ್ತೆಂಟು ವರ್ಷ ಆಯ್ತಲ್ರೀ. ಇನ್ನೇನು ದುರ್ಯೋಧನನ ಪಾರ್ಟು ಸಿಗುತ್ತಾ ನಿಮ್ಗೆ? ಮಂಡಿ ನೋವು ಬೇರೆ."

"ಶಾರದಾ, ಮುಟ್ಬೇಡ ಅಂದೆ."

ಫೋನ್ ಇಟ್ಟರು.

ಆ ಗದೆ ಕಥೆ ಈಗ ಹೇಳದೆ ಇದ್ರೆ ಮುಂದಿನದು ಯಾವುದೂ ಅರ್ಥವಾಗಲ್ಲ.

ತೊಂಬತ್ತಾರನೇ ಇಸವಿ ನವೆಂಬರು. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪೌರಾಣಿಕ ನಾಟಕ. ಪೊಲೀಸ್ ಕೇಸಿನ ಸಾಕ್ಷಿ ಪರೀಕ್ಷೆ ಮಾಡೋ ಸರ್ಕಾರದ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮೂವತ್ತಾರು ವರ್ಷದ ದಕ್ಷಿಣಾಮೂರ್ತಿಗೆ ದುರ್ಯೋಧನನ ಪಾತ್ರ. ಪ್ರತಿಭೆಗೆ ಅಂತೇನೂ ಅಲ್ಲ, ಉಳಿದ ಯಾವ ಗುಮಾಸ್ತರಿಗೂ ಅಷ್ಟು ಮೀಸೆ ಇರಲಿಲ್ಲ. ರಟ್ಟಿನ ಗದೆ ಹಿಂದಿನ ವರ್ಷ ಭೀಮನ ಕೈಯಲ್ಲಿ ಬಾಗಿ, ಪ್ರೇಕ್ಷಕರು ನಕ್ಕಿದ್ರು. ಈ ಸಲ ಹಾಗಾಗಬಾರದು ಅಂತ ಕಶ್ಮೀರಿ ಗೇಟಿನ ಹತ್ರ ಗ್ಯಾರೇಜ್ ಇಟ್ಕೊಂಡಿದ್ದ ದಾವಣಗೆರೆ ಕಡೆಯ ಈಶ್ವರಪ್ಪ ಅನ್ನೋರನ್ನ ಹಿಡಿದ್ರು. ಈಶ್ವರಪ್ಪ ಎರಡು ಹಳೇ ಸೈಲೆನ್ಸರ್ ಜೋಡಿಸಿ ವೆಲ್ಡ್ ಮಾಡಿ, ಚಿನ್ನದ ಬಣ್ಣ ಹೊಡೆದು ಕೊಟ್ರು. ದುಡ್ಡು ಕೊಡೋಕೆ ಹೋದ್ರೆ, "ದುರ್ಯೋಧನನ ಹತ್ರ ದುಡ್ಡು ಇಸ್ಕೊಂಡ ಅಂತ ಹೆಸರು ಬೇಡ ಸ್ವಾಮಿ, ಮುಂದಿನ ಸಾಲಲ್ಲಿ ಒಂದು ಸೀಟು ಇಡಿ" ಅಂದ್ರು.

ನಾಟಕದ ದಿನ ಶನಿವಾರ. ಮಧ್ಯಾಹ್ನ ಒಂದೂವರೆ. ಎರಡಕ್ಕೆ ಮೇಕಪ್ಪಿಗೆ ಕೂರಬೇಕು. ಮೇಜಿನ ಮೇಲೆ ಒಂದೇ ಒಂದು ಫೈಲು ಉಳಿದಿತ್ತು. ಎಫ್.ಐ.ಆರ್. 212/96. ಲ್ಯಾಬಿಗೆ ಬರೋ ಫೈಲಲ್ಲಿ ಹೆಸರು ಇರಲ್ಲ, ಬರೀ ನಂಬರ್. ಪಕ್ಕದಲ್ಲಿ ಬಟ್ಟೆಯಲ್ಲಿ ಹೊಲಿದು ಅರಗಿನ ಸೀಲು ಹಾಕಿದ ದೊಡ್ಡ ಮೂಟೆ, ಒಳಗೆ ಇಂಜಿನ್. ರಾಯಭಾರ ಕಚೇರಿಯ ಒಬ್ಬ ಅಧಿಕಾರಿಯ ಹಳದಿ ಕಾರು ಚಾಣಕ್ಯಪುರಿಯಿಂದ ಕಳುವಾಗಿತ್ತು, ಅದರ ಇಂಜಿನ್ ನಂಬರ್ 40718. ಮೂಟೆಯೊಳಗಿನ ಇಂಜಿನ್ ಅದೇನಾ? ಇಷ್ಟೇ ಪ್ರಶ್ನೆ.

ಫೈಲಲ್ಲಿ ಎರಡು ಪೆನ್ಸಿಲ್ ಪ್ರಿಂಟ್ ಇದ್ವು. ಗಾಡಿ ಹೆಸರು ಬದಲಾಯಿಸಿದೋರಿಗೆಲ್ಲ ಗೊತ್ತು, ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲಲ್ಲಿ ಉಜ್ಜೋದು. ಒಂದರ ಕೆಳಗೆ 'ಕಳುವಾದ ಕಾರು' ಅಂತ, ಇನ್ನೊಂದರ ಕೆಳಗೆ 'ವಶಪಡಿಸಿಕೊಂಡ ಇಂಜಿನ್' ಅಂತ ಬರೆದಿತ್ತು. ಎರಡರಲ್ಲೂ 40718.

ಪ್ರಿಂಟ್ ನಂಬಬಾರದು, ಸೀಲು ಒಡೆದು ಕಣ್ಣಾರೆ ನೋಡ್ಬೇಕು. ಹೊಸದಾಗಿ ಸೇರೋ ಹುಡುಗರಿಗೆಲ್ಲ ದಕ್ಷಿಣಾಮೂರ್ತಿಯೇ ಹೇಳಿಕೊಡ್ತಿದ್ದ ಮೊದಲನೇ ಪಾಠ ಅದು.

ಗಡಿಯಾರ ನೋಡಿದ್ರು. 'ಎರಡೂ ಒಂದೇ' ಅಂತ ಬರೆದ್ರು. ಸಹಿ ಹಾಕಿದ್ರು. ಬಸ್ ಹಿಡಿದ್ರು.

ಆ ಸಂಜೆ ತೊಡೆ ಮುರಿದುಕೊಂಡು ಬಿದ್ದ ದುರ್ಯೋಧನನಿಗೆ ಬಿದ್ದ ಚಪ್ಪಾಳೆ ಯಾವ ಗೆದ್ದವನಿಗೂ ಬಿದ್ದಿರಲಿಲ್ಲ. ಮುಂದಿನ ಸಾಲಲ್ಲಿ ಒಂದು ಸೀಟು ಖಾಲಿ ಇತ್ತು.

ಮೂರು ವಾರ ಆದ್ಮೇಲೆ, ಗದೆ ನೆಗ್ಗಿದೆ ಸರಿ ಮಾಡಿಸೋಣ ಅಂತ ಕಶ್ಮೀರಿ ಗೇಟಿಗೆ ಹೋದ್ರು. ಗ್ಯಾರೇಜಿಗೆ ಬೀಗ. ಎದುರಿನ ಚಾಯ್ ಅಂಗಡಿಯವನು, "ಕರ್ನಾಟಕ್ ವಾಲಾ ಮಿಸ್ತ್ರಿ? ಚೋರಿ ಕಾ ಇಂಜಿನ್. ಅಂದರ್ ಹೈ" ಅಂದ, ಕದ್ದ ಇಂಜಿನ್ ಕೇಸು, ಜೈಲಲ್ಲಿದಾನೆ ಅಂತ. ಅವನೇ ಕೋರ್ಟ್ ತಾರೀಖಿನ ಚೀಟಿ ತೋರಿಸಿದ. ಚೀಟಿ ಮೇಲೆ ನಂಬರ್ ಇತ್ತು, 212/96.

ದಕ್ಷಿಣಾಮೂರ್ತಿ ಗದೆ ಹೆಗಲ ಮೇಲೆ ಇಟ್ಕೊಂಡು ಬಸ್ ಹತ್ತಿದ್ರು. ಕಂಡಕ್ಟರ್ ಗದೆಗೂ ಟಿಕೆಟ್ ಕೇಳಿದ. ಕೊಟ್ರು. ಮನೆಗೆ ಬಂದು ಮಂಚದ ಕೆಳಗೆ ತಳ್ಳಿದ್ರು. ಯಾರಿಗೂ ಏನೂ ಹೇಳಲಿಲ್ಲ.

ಈಶ್ವರಪ್ಪ ಎರಡೂವರೆ ವರ್ಷ ಒಳಗಿದ್ರು.

ದಕ್ಷಿಣಾಮೂರ್ತಿ ಅವತ್ತಿಂದ ಇವತ್ತಿನವರೆಗೆ ನಿದ್ದೆ ಮಾಡಿರೋದು ಒಂದೇ ಒಂದು ಮಾತಿನ ಮೇಲೆ ತಲೆ ಇಟ್ಟು. 'ನಾನು ನೋಡದೆ ಬರೆದೆ, ನಿಜ. ಆದ್ರೆ ಬರೆದದ್ದು ಸರಿಯೇ ಇದ್ದಿರಬಹುದು. ಅದು ಕದ್ದ ಇಂಜಿನ್ನೇ ಇದ್ದಿರಬಹುದು.'

ಹೋದ ವಾರ ಬಂದಾಗ ಈ ಇಂಜಿನ್ ಗುರುತು ಹತ್ತಲಿಲ್ಲವಾ ಅಂತ ನೀವು ಕೇಳಬಹುದು. ನೋಡಿದ್ದರೆ ತಾನೇ ಗುರುತು ಹತ್ತೋದು.

ಈಗ ಅದು ಮೂರು ಅಡಿ ದೂರದಲ್ಲಿತ್ತು. ಕೊನೇ ಅಂಕೆ ಎಂಟು ಬಂದ್ರೆ ಈಶ್ವರಪ್ಪ ಕಳ್ಳ, ತಾನು ಬಚಾವ್. ಮೂರು ಬಂದ್ರೆ ಇಂಜಿನ್ ಈಶ್ವರಪ್ಪನ ಕಾರಿಂದೇ, ಅವರ ಎರಡೂವರೆ ವರ್ಷ ತನ್ನ ಕೊರಳಿಗೆ. ಅದು ಗೊತ್ತಾಗಲೇಬಾರದು ಅಂದ್ರೆ ಒಂದೇ ದಾರಿ, ಪೃಥ್ವಿಯ ಮೋಟರ್.

"ಪರೀಕ್ಷೆ ಮಾಡಿ ಸರ್," ಅಂದಳು ಗಗನಾ. "ಮಾಡಿ ನೋಡಿ, ಬೇರೆ ನಂಬರ್ ಬಂದ್ರೆ ನಾನೇ ಪಾನಾ ಹಿಡಿದು ಇಂಜಿನ್ ಇಳಿಸ್ತೀನಿ. ಅಣ್ಣನ ಮೋಟರ್ ಹಾಕ್ಲಿ. ಬಾಯಿ ಬಿಡಲ್ಲ."

"ಚಲೋ, ಡೀಲ್," ಅಂದ ಪೃಥ್ವಿ.

"ಆಸಿಡ್ ತಂದಿಲ್ಲಮ್ಮ..."

"ನಿಮ್ಮ ಬ್ಯಾಗಲ್ಲಿ ನೀಲಿ ಮುಚ್ಚಳದ ಬಾಟಲಿ ಇದೆ ಸರ್. ಅದಕ್ಕೆ ಹತ್ತಿ ಸುತ್ತಿದೀರಿ."

ಸಿಕ್ಕಿಹಾಕಿಕೊಂಡವರಿಗೆ ಕೆಲಸ ಒಂದು ಆಸರೆ. ದಕ್ಷಿಣಾಮೂರ್ತಿ ಕನ್ನಡಕ ಏರಿಸಿ, ಕೈಗವಸು ಹಾಕ್ಕೊಂಡ್ರು. ಪೃಥ್ವಿಯನ್ನ ಡಿಸ್ಟಿಲ್ಡ್ ವಾಟರ್ ತರೋಕೆ ಮಾರ್ಕೆಟ್ಟಿಗೆ ಕಳಿಸಿದ್ರು. ಬ್ಯಾಗಲ್ಲಿ ಒಂದು ಲೀಟರ್ ಇತ್ತು. ಆದ್ರೂ ಕಳಿಸಿದ್ರು. ಒಬ್ಬ ಸಾಕ್ಷಿ ಕಮ್ಮಿ.

"ಇದು ಬೀಡು ಕಬ್ಬಿಣ," ಅಂದ್ರು, ಹತ್ತಿ ಉಂಡೆ ಕಟ್ತಾ. "ಅಚ್ಚು ಇಟ್ಟು ಸುತ್ತಿಗೇಲಿ ಹೊಡೆದಾಗ ಮೇಲೆ ಅಂಕೆ ಮೂಡುತ್ತೆ, ಒಳಗೆ ಕಬ್ಬಿಣ ನುಜ್ಜಾಗಿರುತ್ತೆ. ಮೇಲಿಂದು ಎಷ್ಟು ಉಜ್ಜಿದ್ರೂ ಒಳಗಿನ ಪೆಟ್ಟು ಇರುತ್ತೆ. ಆಸಿಡ್ ಮೊದಲು ಆ ಪೆಟ್ಟು ಬಿದ್ದ ಜಾಗವನ್ನೇ ತಿನ್ನುತ್ತೆ. ಆಗ ಅಂಕೆ ಎದ್ದು ಬರುತ್ತೆ. ಸ್ವಲ್ಪ ಹೊತ್ತು. ಜಾಸ್ತಿ ತಿನ್ನೋಕೆ ಬಿಟ್ರೆ ಒಳಗಿಂದೂ ಹೋಗ್ಬಿಡುತ್ತೆ. ಆಮೇಲೆ ಯಾರ ಕೈಲೂ ಆಗಲ್ಲ."

"ಯಾರು ಉಜ್ಜಿರಬಹುದು ಸರ್ ಇದನ್ನ?"

"ಕಳ್ಳರು ಅಡ್ಡಾದಿಡ್ಡಿ ಉಜ್ತಾರೆ. ಇದು ಪಾಲಿಷ್. ಪ್ರೀತಿಯಿಂದ ಮಾಡಿರೋದು. ತುಕ್ಕು ತೆಗೆಯೋಕೆ ಹೋಗಿ, ಹೊಳಪಿನ ಆಸೆಗೆ, ನಂಬರ್ ಸಮೇತ ತೆಗೆದಿದಾನೆ."

ಅಂದ್ಮೇಲೆ ಅವರ ಕೈ ನಿಂತೇ ಹೋಯ್ತು. ಅವತ್ತು ನಂಬರ್ ಇದ್ದಿದ್ರೆ ಠಾಣೆಯೋರೇ ಓದ್ತಿದ್ರು, ಲ್ಯಾಬಿಗೆ ಕಳಿಸ್ತಿರಲಿಲ್ಲ. ನಂಬರೇ ಇಲ್ಲದ ಇಂಜಿನ್ ಮೇಲೆ ಪೆನ್ಸಿಲ್ ಉಜ್ಜಿದ್ರೆ ಏನು ಬರುತ್ತೆ? ಏನೂ ಬರಲ್ಲ. ಅವತ್ತು ಫೈಲಲ್ಲಿದ್ದ ಎರಡು ಪ್ರಿಂಟೂ ಹಳದಿ ಕಾರಿನ ಕಾಗದಪತ್ರದಿಂದಲೇ ಬಂದಿದ್ವು. ಮೂಟೆ ಬಿಚ್ಚಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗ್ತಿತ್ತು.

ಇಪ್ಪತ್ತೆಂಟು ವರ್ಷ ತಲೆ ಇಟ್ಟಿದ್ದ ದಿಂಬು ಯಾರೋ ಎಳೆದ ಹಾಗಾಯ್ತು.

"ಏನು ಸರ್?"

"ಏನಿಲ್ಲ. ಮಂಡಿ."

ಆಸಿಡ್ ಹತ್ತಿ ಒಂದು ಸಲ. ಎರಡು ಸಲ. ಮೂಗಿಗೆ ಘಾಟು. ಹತ್ತು ನಿಮಿಷಕ್ಕೆ ಬೂದು ಕಬ್ಬಿಣದ ಮೇಲೆ ಒಂದು ಕೋನ ಕಾಣಿಸ್ತು.

"ನಾಲ್ಕು!" ಗಗನಾ ಫೋನಲ್ಲಿ ಫೋಟೋ ತೆಗೆದಳು.

ಸೊನ್ನೆ. ಫೋಟೋ. ಏಳು. ಫೋಟೋ. ಒಂದು. ಫೋಟೋ.

ಇಲ್ಲಿವರೆಗೆ ಕೆಂಪು ಕಾರು, ಹಳದಿ ಕಾರು ಎರಡೂ ಒಂದೇ. ಅವಳ ಉಸಿರು ಅವರ ಕಿವಿಗೆ ಕೇಳ್ತಿತ್ತು.

ಐದನೇ ಅಂಕೆ ಬಲಗಡೆಯಿಂದ ಶುರುವಾಯ್ತು. ಮೇಲೊಂದು ಬಾಗು, ಕೆಳಗೊಂದು ಬಾಗು. ಮೂರಕ್ಕೂ ಎಂಟಕ್ಕೂ ಬಲಗಡೆ ಹಾಗೇ ಇರುತ್ತೆ. ಗಗನಾ ಬೆನ್ನು ನೋವಿಗೆ ಒಂದು ಸಲ ನೆಟ್ಟಗಾದಳು. ದಕ್ಷಿಣಾಮೂರ್ತಿ ಭೂತಕನ್ನಡಿ ಹಿಡಿದು ಇನ್ನೂ ಬಗ್ಗಿದ್ರು. ಎಡಗಡೆ ನೋಡಿದ್ರು. ಹತ್ತಿಯಲ್ಲಿ ಇನ್ನೊಂದು ಸಲ ಮುಟ್ಟಿ ನೋಡಿದ್ರು.

ಎಡಗಡೆ ಏನೂ ಇರಲಿಲ್ಲ. ಬಾಯಿ ತೆರೆದುಕೊಂಡಿತ್ತು. ಅಂಚು ಕತ್ತರಿಸಿದ ಹಾಗೆ ಸ್ಪಷ್ಟ.

ಮೂರು.

"ಬಂತಾ ಸರ್?"

"ಇನ್ನೂ ಇಲ್ಲಮ್ಮ."

ಬಾಯಿಂದ ತಾನಾಗೇ ಬಂದುಬಿಡ್ತು. ಎರಡು ನಿಮಿಷ, ಇನ್ನೆರಡೇ ನಿಮಿಷ 'ಸರಿ ಇದ್ದಿರಬಹುದು' ಅನ್ನೋ ಮನುಷ್ಯನಾಗಿ ಇರೋಣ ಅನ್ನಿಸ್ತು ಅವರಿಗೆ. ಆಸಿಡ್ಡಲ್ಲಿ ನೆನೆದ ದಪ್ಪ ಹತ್ತಿಯನ್ನ ಐದನೇ ಅಂಕೆ ಮೇಲೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡಿದ್ರು.

"ಟೈಮ್ ತಗೊಳುತ್ತೆ," ಅಂದ್ರು.

"ತಗೊಳ್ಲಿ. ಅಷ್ಟರಲ್ಲಿ ಒಂದು ವಸ್ತು ತೋರಿಸ್ತೀನಿ."

ಗಗನಾ ಕಪಾಟಿಂದ ಒಂದು ಬಟ್ಟೆ ತಂದು ಕಾರಿನ ಮಡ್‌ಗಾರ್ಡ್ ಮೇಲೆ ಹಾಸಿದಳು. ದಪ್ಪ ಖಾದಿ, ಹಳದಿಯಾಗಿತ್ತು. ಪಕ್ಕದಿಂದ ಕತ್ತರಿ ಹಾಕಿ ಬಿಚ್ಚಿದ್ರು, ಆದ್ರೆ ಬಾಯಿಯ ಹೊಲಿಗೆ ಹಾಗೇ ಇತ್ತು. ಹೊಲಿಗೆ ಮೇಲೆ ಕೆಂಪು ಅರಗು. ಅರಗಿನ ಮೇಲೆ ಠಾಣೆ ಸೀಲು.

"ಇಂಜಿನ್ ಲ್ಯಾಬಿಗೆ ಹೋದಾಗ ಠಾಣೆ ಸೀಲು ಒಡೀತಾರೆ, ಪರೀಕ್ಷೆ ಆದ್ಮೇಲೆ ಲ್ಯಾಬಿನ ಸೀಲು ಹಾಕ್ತಾರೆ. ಅಲ್ವಾ ಸರ್?"

"ಹೌದು."

"ಇದರಲ್ಲಿ ಲ್ಯಾಬ್ ಸೀಲು ಎಲ್ಲಿದೆ?"

ಗಗನಾ ಅರಗಿನ ಮೇಲೆ ಬೆರಳಿಟ್ಟಳು.

"ನೀವು ಎರಡು ಸಲ ಬಂದ್ರಿ ಸರ್. ಎರಡು ಸಲವೂ ಚಾ ಕುಡಿದ್ರಿ. ನಮ್ಮಪ್ಪನ ಹೆಸರು ಒಂದು ಸಲವೂ ಕೇಳಲಿಲ್ಲ. ಆರ್.ಸಿ. ಫೋಟೋ ಕಳಿಸಿದಾಗ ಹೆಸರಿನ ಮೇಲೆ ಹೆಬ್ಬೆರಳು ಇಟ್ಟಿದ್ದೆ. ಅದೂ ನಿಮಗೆ ಅನುಮಾನ ಬರಲಿಲ್ಲ. ಎಂಥಾ ಪತ್ತೇದಾರರು ನೀವು?"

"ಈಶ್ವರಪ್ಪ," ಅಂದ್ರು ದಕ್ಷಿಣಾಮೂರ್ತಿ.

"ಗೊತ್ತಾಗಿದೆ ಅಂದ್ಕೊಂಡೆ. ಗ್ರೀಸ್ ನೋಡ್ದಾಗ." ಅವಳ ಧ್ವನಿ ಏರಲಿಲ್ಲ. "ಹಳದಿ ಕಾರಿನೋರು ಅವರ ದೇಶಕ್ಕೆ ಹೋದ್ರು. ಇದನ್ನ ಕೇಳೋರಿಲ್ಲದೆ ಠಾಣೆಯೋರು ಗುಜರಿ ಹರಾಜಿಗೆ ಹಾಕಿದ್ರು. ಅಪ್ಪ ಜೈಲಿಂದ ಬಂದು ಹರಾಜಲ್ಲಿ ತಮ್ಮ ಇಂಜಿನ್ನೇ ತೂಕಕ್ಕೆ ಕೊಂಡ್ರು. ಈ ಬಟ್ಟೇನ ಅವರು ಎಸೀಲಿಲ್ಲ. ಸೀಲು ಒಡೀದೆ ಹಾಗೇ ಇಟ್ರು. ಒಂದಿನ ಕೇಳೋರು ಬರ್ತಾರೆ ಅಂತ."

"ಪೃಥ್ವಿಗೆ..."

"ಅಣ್ಣನಿಗೆ ನೀವು ಯಾರು ಅಂತ ಗೊತ್ತಿಲ್ಲ. ಗೊತ್ತಿದ್ರೆ ಇಷ್ಟ್ಹೊತ್ತಿಗೆ ಆ ಪಾನಾ ನಿಮ್ಮ ತಲೇಲಿ ಇರೋದು. ನೀವೇ ಅವನನ್ನ ನೀರಿಗೆ ಕಳಿಸಿದ್ರಿ. ಒಳ್ಳೇದಾಯ್ತು." ಅವಳು ಬಟ್ಟೆ ಮೇಲೆ ಕೈಯಿಟ್ಟಳು. "ಯಾಕೆ ಬಿಚ್ಚಲಿಲ್ಲ ಸರ್?"

ದಕ್ಷಿಣಾಮೂರ್ತಿ ಬಾಯಿ ತೆರೆದ್ರು. ಮೂವತ್ತೈದು ವರ್ಷದ ಸರ್ಕಾರಿ ನೌಕರಿ ಒಂದೇ ಸಲಕ್ಕೆ ಹೊರಗೆ ಬಂತು.

"ಅವತ್ತು ಕರೆಂಟಿರಲಿಲ್ಲಮ್ಮ. ಆಸಿಡ್ ಸ್ಟಾಕ್ ಮುಗಿದಿತ್ತು, ಇಂಡೆಂಟ್ ಹಾಕಿ ಆರು ವಾರ ಆಗಿತ್ತು. ಮೇಲಿನೋರ ಒತ್ತಡ. ಇಡೀ ದಿಲ್ಲಿಗೆ ಡೆಂಗ್ಯೂ ಬಂದಿತ್ತು ಆ ವರ್ಷ, ಅರ್ಧ ಲ್ಯಾಬು ಮಲಗಿತ್ತು, ನಾನೊಬ್ಬನೇ..."

"ಡೆಂಗ್ಯೂ."

"ಪ್ಲೇಟ್ಲೆಟ್ಟು ಇಪ್ಪತ್ತು ಸಾವಿರಕ್ಕೆ ಇಳಿದಿತ್ತು ನನಗೆ."

ಗಗನಾ ಕೇಳಿಸಿಕೊಂಡಳು. ಆಮೇಲೆ ಅಂದಳು: "ಅಪ್ಪ ಹೊರಗೆ ವ್ಯಾನಲ್ಲಿ ಕೂತಿದಾರೆ ಸರ್. ಈ ಗಾಳಿ ಅವರಿಗೆ ಆಗಲ್ಲ, ಗ್ಲಾಸ್ ಏರಿಸ್ಕೊಂಡಿದಾರೆ. ಅಂಕೆ ಬಂದ್ಮೇಲೆ ಕರಿ ಅಂದಿದಾರೆ. ನಿಮ್ಮ ಹತ್ರ ಒಂದೇ ಮಾತು ಕೇಳು ಅಂದ್ರು."

"ಏನು?"

"ಗದೆ ಇನ್ನೂ ಇದೆಯಾ ಅಂತ."

"ಬರೆದೋನು ನಾನು ಅಂತ ಅವರಿಗೆ ಹೇಗೆ ಗೊತ್ತು?" ಅಂದ್ರು ದಕ್ಷಿಣಾಮೂರ್ತಿ.

"ಕೋರ್ಟಲ್ಲಿ ನಿಮ್ಮ ರಿಪೋರ್ಟಿನ ಕಾಪಿ ಕೊಟ್ರು ಅವರಿಗೆ. ಕೆಳಗೆ ನಿಮ್ಮ ಸಹಿ, ತಾರೀಖು. ಆ ತಾರೀಖು ಅವರಿಗೆ ಮರೆಯೋ ಹಾಗಿರಲಿಲ್ಲ. ಮುಂದಿನ ಸಾಲಲ್ಲಿ ಸೀಟು ಇಡ್ತೀನಿ ಅಂದಿದ್ರಂತೆ ನೀವು." ಅವಳು ನಕ್ಕ ಹಾಗಿತ್ತು, ನಗಲಿಲ್ಲ. "ವಕೀಲರಿಗೆ ಹೇಳಿದ್ರಂತೆ, ನಾಟಕದ ದಿನ ಇವರು ಹೇಗೆ ಪರೀಕ್ಷೆ ಮಾಡಿರ್ತಾರೆ ಅಂತ. ಲ್ಯಾಬು ಬರೆದ ಮೇಲೆ ಮುಗೀತು ಅಂದ್ರಂತೆ ವಕೀಲರು. ನೀವು ಬರೆದ್ರಿ, ಎಲ್ಲರೂ ನಂಬಿದ್ರು. ನಮ್ಮಮ್ಮನೂ ನಂಬಿದ್ರು ಸರ್. ಸಾಯೋವರೆಗೂ."

ಸುಳ್ಳು ಹೇಳೋಕೆ ಇನ್ನು ಏನೂ ಉಳಿದಿರಲಿಲ್ಲ. ಆಶ್ಚರ್ಯ ಅಂದ್ರೆ ಮಂಡಿ ನೋವು ಕೂಡ ನಿಂತಿತ್ತು. ದಕ್ಷಿಣಾಮೂರ್ತಿ ಬಗ್ಗಿದಲ್ಲಿಂದಲೇ ತಲೆ ಎತ್ತಿದ್ರು.

"ಇದೆ," ಅಂದ್ರು. "ಗದೆ ಇದೆ. ಅಪ್ಪನನ್ನ ಕರಿಯಮ್ಮ. ಅವರೆದುರಿಗೇ ಹೇಳ್ತೀನಿ. ಅಂಕೆ ಬಂದಿದೆ."

ಗಗನಾ ಒಂದು ಹೆಜ್ಜೆ ಮುಂದೆ ಬಂದಳು. "ಬಂದಿದೆಯಾ? ಯಾವಾಗ?"

"ಆಗಲೇ. ನೀನು ಕೇಳ್ದಾಗಲೇ ಬಂದಿತ್ತು. ಮೂರು. ನಾನೇ ಮುಚ್ಚಿ ಹಿಡ್ಕೊಂ..."

ಆಗ ನೆನಪಾಯ್ತು, ಹೆಬ್ಬೆರಳು ಇನ್ನೂ ಎಲ್ಲಿದೆ ಅಂತ.

ಕೈಗವಸಿನ ತುದಿ ಬಿಸಿಯಾಗಿತ್ತು. ಕೈ ತೆಗೆದ್ರು. ಹತ್ತಿ ಅಂಟಿಕೊಂಡಿತ್ತು, ಎಳೆದು ತೆಗೆದ್ರು. ನೀರು ಹಾಕಿ ಒರೆಸಿದ್ರು. ಭೂತಕನ್ನಡಿ ಇಟ್ಟರು.

ನಾಲ್ಕು, ಸೊನ್ನೆ, ಏಳು, ಒಂದು. ಅದರ ಪಕ್ಕದಲ್ಲಿ ಕಬ್ಬಿಣ ಸಣ್ಣ ಬಟ್ಟಲಿನ ಹಾಗೆ ತಗ್ಗಾಗಿ, ನುಣ್ಣಗೆ ಹೊಳೀತಿತ್ತು. ಅದರಲ್ಲಿ ಏನೂ ಇರಲಿಲ್ಲ. ಟಾರ್ಚು ಓರೆ ಮಾಡಿದ್ರು. ಏನೂ ಇಲ್ಲ. ಇನ್ನೊಂದು ಕಡೆಯಿಂದ ಹಿಡಿದ್ರು. ಅವರ ಮುಖವೇ ಮಸುಕಾಗಿ ಕಾಣಿಸ್ತು.

"ಫೋಟೋ?" ಗಗನಾಳ ಧ್ವನಿ ತೆಳ್ಳಗಾಗಿತ್ತು. "ನೀವು ತೆಗೆದ್ರಾ?"

"ಇಲ್ಲ."

ಅವಳು ಅವರನ್ನ ದೂಡಿ ಬಗ್ಗಿ ನೋಡಿದಳು. ಬೆರಳಲ್ಲಿ ಸವರಿದಳು. ಲೋಹ ಪರೀಕ್ಷೆ ಮಾಡೋ ಹುಡುಗಿ, ಅವಳಿಗೆ ಬಿಡಿಸಿ ಹೇಳೋ ಅಗತ್ಯ ಇರಲಿಲ್ಲ. ಯಾರ ಕೈಲೂ ಆಗಲ್ಲ ಅಂತ ಈಗ ತಾನೇ ಕೇಳಿದ್ದಳು.

ಹೊರಗೆ ವ್ಯಾನಿನ ಹಾರ್ನ್ ಆಯ್ತು. ಒಂದೇ ಸಲ, ಮೆತ್ತಗೆ. ಒಳಗೆ ಇರೋರಿಗೆ ತೊಂದರೆ ಆಗದ ಹಾಗೆ.

ಗಗನಾ ಖಾದಿ ಬಟ್ಟೆ ಮಡಚೋಕೆ ಶುರು ಮಾಡಿದಳು. ಸೀಲು ಒಳಗೆ ಬರೋ ಹಾಗೆ, ಜೋಪಾನವಾಗಿ, ದಿನಾ ಮಡಚಿ ಅಭ್ಯಾಸ ಇದ್ದೋರ ಹಾಗೆ.

"ಮೂರೇ ಇತ್ತು ಗಗನಾ," ಅಂದ್ರು ದಕ್ಷಿಣಾಮೂರ್ತಿ. "ಈ ಇಂಜಿನ್ ಈ ಕಾರಿಂದೇ. ನಿಮ್ಮಪ್ಪ ಕದ್ದಿಲ್ಲ. ನಾನು ಬರೆದು ಕೊಡ್ತೀನಿ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

ಅವಳು ಬಟ್ಟೆ ಕಂಕುಳಿಗೆ ಸಿಕ್ಕಿಸಿಕೊಂಡಳು.

"ನಿನ್ನಾಣೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವತ್ತು ನೋಡದೆ ಬರೆದೆ, ನಿಜ, ಆದ್ರೆ ಇವತ್ತು ನೋಡ್ದೆ, ಭೂತಕನ್ನಡಿ ಹಿಡಿದು ನೋಡ್ದೆ. ಎಡಗಡೆ ಬಾಯಿ ತೆರೆದಿತ್ತು, ಗೆರೆ ಎಳೆದ ಹಾಗೆ ಸ್ಪಷ್ಟ, ನನ್ನ ಕಣ್ಣಾರೆ ನಾನು..."

ಗಗನಾ ಶೆಡ್ಡಿನ ಬಾಗಿಲು ದಾಟಿ ವ್ಯಾನಿನ ಕಡೆ ಹೋಗ್ತಿದ್ದಳು.